ನಮಗೆ ಎರಡನೇ ಬಹುಮಾನವೇ ಬೇಕಿತ್ತು

ನನಗೆ ಸೋಲುವುದೆಂದರೆ ಆಗಿಬರುವುದಿಲ್ಲ. ಆಳಂದ ತಾಲ್ಲೂಕಿನ ನನ್ನ ತವರೂರು ಮಟಕಿಯ ಶಾಲೆಯಲ್ಲಿ ಲಿಂಬೆ-ಚಮಚದ ಓಟದಲ್ಲಿ ಎರಡನೆಯವಳಾಗಿ ಬಂದೆನೆಂದು, ಕೊಟ್ಟ ಸ್ಟೀಲ್ ಬಟ್ಟಲನ್ನು ಅಲ್ಲೇ ಬಿಟ್ಟು ಮನೆಗೆ ಬಂದವಳು ನಾನು. ಮದುವೆಯಾಗಿ ಅಫಜಲಪುರಕ್ಕೆ ಬಂದ ಮೇಲೂ ಆ ಗುಣ ಹೋಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಸೀಟು ಬೇರೆಯವರ ಪಾಲಾದರೂ ಮುಖ ಊದಿಸಿಕೊಂಡು ಕೂರುತ್ತೇನೆ. ಅಂಥ ನಾನು ಒಂದು ದಿನ ಟಿವಿ ಕ್ಯಾಮೆರಾಗಳ ಎದುರು, ಊರೆಲ್ಲ ನೋಡುತ್ತಿರುವಾಗ, ಸೋಲಲು ಒದ್ದಾಡಬೇಕಾಯಿತು. ಈಗ ನೆನೆದರೂ ನಗು ತಡೆಯಲಾಗುವುದಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಟಿವಿ ಚಾನೆಲ್ಲಿನವರು ನಮ್ಮೂರಿಗೆ ಬಂದಿದ್ದರು. ಅತ್ತೆ-ಸೊಸೆಯರ ಆಟದ ಕಾರ್ಯಕ್ರಮ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಿಂದ ಒಂದೊಂದು ಜೋಡಿಯನ್ನು ಆರಿಸಿ, ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಆಡಿಸಿ, ಆಮೇಲೆ ಟಿವಿಯಲ್ಲಿ ತೋರಿಸುವುದು. ಆಯ್ಕೆಗೆ ಬಂದ ಹುಡುಗಿ ನನ್ನ ಅತ್ತೆಯ ಮುಂದೆ ಮೈಕ್ ಹಿಡಿದು, "ಸೊಸೆ ಮೇಲೆ ಒಂದು ದೂರು ಹೇಳಿ ಅಮ್ಮಾ" ಎಂದಳು. ಅತ್ತೆ ಉಸಿರೂ ತೆಗೆದುಕೊಳ್ಳದೆ ನಾಲ್ಕು ಹೇಳಿದರು. ಐದನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾನೇ ಮೈಕ್ ಕಸಿದುಕೊಂಡೆ. ಅಷ್ಟಕ್ಕೇ ನಮ್ಮ ಜೋಡಿ ಆಯ್ಕೆಯಾಯಿತು.

ಟಿವಿಯಲ್ಲಿ ಇಂಥ ಆಟಗಳನ್ನು ನಾನು ಒಂದನ್ನೂ ಬಿಟ್ಟವಳಲ್ಲ. ಬಹುಮಾನದ ಮೇಲೆ ಹೊದಿಸಿದ ಹೊಳೆಯುವ ಬಟ್ಟೆಯನ್ನು ಸರ್ರನೆ ಎಳೆಯುತ್ತಾರಲ್ಲ, ಆಗ ನನಗೆ ಮನೆಯಲ್ಲಿ ಕುಳಿತೇ ಮೈ ಜುಮ್ಮೆನ್ನುತ್ತದೆ. ದಿನವೂ ಕಾಣುವ ಕುಕ್ಕರ್ರು ಆ ದೀಪದ ಕೆಳಗೆ ಮದುಮಗಳಾಗಿಬಿಡುತ್ತದೆ. ಟಿವಿಯವರ ಲೆಕ್ಕ ಸುಲಭ. ಬೆಲೆ ಹೆಚ್ಚಿದ್ದದ್ದು ಮೊದಲನೆಯದು, ಕಡಿಮೆಯದ್ದು ಕೊನೆಯದು. ಗೆದ್ದವರು ಮನೆಗೊಯ್ದು ಅದನ್ನು ಏನು ಮಾಡುತ್ತಾರೆ ಎಂದು ಅವರು ಕೇಳುವುದಿಲ್ಲ. ನಮ್ಮ ಓಣಿಯ ಒಬ್ಬಾಕೆಯ ತಂಗಿ ಎಲ್ಲೋ ಮೈಕ್ರೋವೇವ್ ಗೆದ್ದಿದ್ದಳು. ಅದರೊಳಗೆ ಈಗ ಮನೆಯ ಬೀಗದಕೈ, ಮಾತ್ರೆಗಳು, ಅರ್ಧ ಪೊಟ್ಟಣ ಊದಿನಕಡ್ಡಿ ಇವೆ. ಇಲಿ ಹೋಗದಂಥ ಕಪಾಟು ಎಂದು ಅವಳಿಗೆ ಅದರ ಮೇಲೆ ಬಹಳ ಅಭಿಮಾನ.

ಆಟದ ದಿನ ಮಂಟಪ ತುಂಬಿ ತುಳುಕುತ್ತಿತ್ತು. ಯಾವಾಗ ಚಪ್ಪಾಳೆ ಹೊಡೆಯಬೇಕೆಂದು ಜನರಿಗೆ ಹೇಳಿಕೊಡಲು ಒಬ್ಬನನ್ನು ನಿಲ್ಲಿಸಿದ್ದರು. ಪಾಪ, ನಮ್ಮ ಜನ ಅವನ ಮಾತು ಕೇಳುವ ಪೈಕಿಯವರಲ್ಲ, ತಮಗೆ ಖುಷಿಯಾದಾಗಲೆಲ್ಲ ಹೊಡೆಯುತ್ತಿದ್ದರು. ವೇದಿಕೆಯ ಮೇಲೆ ಮೂರು ಬಹುಮಾನಗಳು ಬಟ್ಟೆ ಹೊದ್ದು ನಿಂತಿದ್ದವು. ನಿರೂಪಕಿ ಒಂದೊಂದಾಗಿ ಬಟ್ಟೆ ಎಳೆದಳು. ಮೂರನೆಯದು ಗಾಜಿನ ಊಟದ ಸೆಟ್ಟು. ಎರಡನೆಯದು ಮನೆಯೊಳಗೇ ಇಟ್ಟುಕೊಳ್ಳುವ ಪುಟ್ಟ ಹಿಟ್ಟಿನ ಗಿರಣಿ, ಬೆಲೆ ಹದಿನೆಂಟು ಸಾವಿರ. ಮೊದಲನೆಯದು ಎರಡು ಬಾಗಿಲಿನ, ನನಗಿಂತ ಎತ್ತರದ, ಕೆಂಪು ಫ್ರಿಜ್ಜು. "ಇದರ ಬೆಲೆ ಮಾತ್ರ ಈಗ ಹೇಳಲ್ಲ, ಅದೇ ನಮ್ಮ ಕೊನೇ ಪ್ರಶ್ನೆ!" ಎಂದಳು. ನಾನು ಬಾಯಿ ಬಿಟ್ಟುಕೊಂಡು ಫ್ರಿಜ್ಜನ್ನೇ ನೋಡುತ್ತಿದ್ದೆ. ಯಾರೋ ನನ್ನ ತೋಳು ಚಿವುಟಿದರು. ಅತ್ತೆ.

"ಅತ್ಲಾಗ ಏನ್ ನೋಡಾಕತ್ತಿ ಬೇ? ಇತ್ಲಾಗ ನೋಡು. ಗಿರಣಿ!"

ಅತ್ತೆಯ ಕಣ್ಣು ಅಷ್ಟು ಹೊಳೆದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಯಾಕೆಂದು ಹೇಳುತ್ತೇನೆ. ನಮ್ಮದು ರೊಟ್ಟಿ ಮಾರುವ ಮನೆ. ಬೆಳಗಿನಿಂದ ನಾನೂ ಅತ್ತೆಯೂ ಎದುರುಬದುರು ಕುಳಿತು ಜೋಳದ ರೊಟ್ಟಿ ಬಡಿಯುತ್ತೇವೆ. ಖಾನಾವಳಿಗಳಿಗೆ ಮೆತ್ತನೆಯ ರೊಟ್ಟಿ, ಮದುವೆ-ಮುಂಜಿಗಳಿಗೆ ಖಡಕ್ ರೊಟ್ಟಿ. ಜೋಳದ ಹಿಟ್ಟು ಬಹಳ ಮುನಿಸಿನದು. ಬೀಸಿ ನಾಲ್ಕು ದಿನವಾದರೆ ಅದರ ಜಿಗಿ ಹೋಗಿ, ಬಡಿಯುವಾಗಲೇ ಅಂಚು ಸೀಳುತ್ತದೆ. ಹಾಗಾಗಿ ದಿನ ಬಿಟ್ಟು ದಿನ ಗಿರಣಿಗೆ ಹೋಗಬೇಕು, ಡಬ್ಬಿಗಳ ಸಾಲಿನಲ್ಲಿ ನಮ್ಮ ಡಬ್ಬಿ ಇಟ್ಟು ಕಾಯಬೇಕು, ಕರೆಂಟು ಹೋದರೆ ಮತ್ತೆ ಕಾಯಬೇಕು. ನಮಗಿಂತ ಮುಂದಿನವರು ಗೋಧಿ ಬೀಸಿಸಿದ್ದರೆ ನಮ್ಮ ಹಿಟ್ಟಿಗೆ ಗೋಧಿ ಸೇರುತ್ತದೆ. ಆ ವರ್ಷವೇ ಒಮ್ಮೆ ಯಾರದೋ ಖಾರದಪುಡಿಯ ಬೆನ್ನಿಗೇ ನಮ್ಮ ಜೋಳ ಬಿದ್ದು, ಒಂದು ಮದುವೆಮನೆಯವರು ಬುಟ್ಟಿಗಟ್ಟಲೆ ರೊಟ್ಟಿ ವಾಪಸು ಕಳಿಸಿದ್ದರು. ಅವತ್ತು ಅತ್ತೆ ಊಟ ಮಾಡಲಿಲ್ಲ. ಮನೆಯಲ್ಲೇ ಒಂದು ಗಿರಣಿ ಇದ್ದಿದ್ದರೆ ಎಂಬ ಮಾತು ನಮ್ಮ ಒಲೆಯ ಮುಂದೆ ಎಷ್ಟು ಸಲ ಬಂದುಹೋಗಿದೆಯೋ.

ಫ್ರಿಜ್ಜು ನಮ್ಮಲ್ಲಿ ಒಂದು ಇದ್ದೇ ಇತ್ತು. ಹಳೆಯದು, ಗಂಟಲು ಕೆರೆದುಕೊಂಡಂತೆ ಸದ್ದು ಮಾಡುತ್ತದೆ. ಅದರಲ್ಲಿ ಹಸಿಮೆಣಸಿನಕಾಯಿ, ನೀರಿನ ಬಾಟಲಿ ಬಿಟ್ಟರೆ ಬೇರೇನೂ ಇರುವುದಿಲ್ಲ.

"ನಾವು ಎರಡನೇ ನಂಬರ್ ಬರಬೇಕು," ಎಂದು ಅತ್ತೆ ಪಿಸುಗುಟ್ಟಿದರು. "ಮೂರನೇದೂ ಬ್ಯಾಡ, ಮೊದಲನೇದೂ ಬ್ಯಾಡ."

"ಬೇಕಂತಲೇ ಸೋಲೋದಾ? ನನ್ನ ಕೈಲೆ ಆಗಂಗಿಲ್ರಿ ಅತ್ತಿ."

"ಮೊದಲನೇ ನಂಬರ್ ಬಂದಿ ಅಂದ್ರ ಇಲ್ಲಿಂದ ಹಂಗೇ ಮಟಕಿ ಬಸ್ ಹತ್ತಿಸ್ತೇನಿ ನೋಡು."

ಆಟ ಶುರುವಾಯಿತು. ಮೊದಲ ಸುತ್ತು ಸ್ಟೀಲ್ ಲೋಟಗಳನ್ನು ಗೋಪುರದಂತೆ ಜೋಡಿಸುವುದು. ಮೂರನೆಯ ಬಹುಮಾನಕ್ಕೆ ಇಳಿಯಬಾರದಲ್ಲ, ಹಾಗಾಗಿ ಇಲ್ಲಿ ಗೆಲ್ಲಲು ಅಪ್ಪಣೆಯಿತ್ತು. ರೊಟ್ಟಿ ಬಡಿದ ಕೈಗಳು ನೋಡಿ, ಚಕಚಕನೆ ಜೋಡಿಸಿ ಎಲ್ಲರಿಗಿಂತ ಮೊದಲೇ ಕೈ ಎತ್ತಿಬಿಟ್ಟೆ. ಮಂಟಪ ಅದುರುವಂತೆ ಶಿಳ್ಳೆ ಬಿತ್ತು. ಆಳಂದದ ಜೋಡಿಯ ಗೋಪುರ ದಡಬಡ ಉರುಳಿತು. ಅವರ ಕಡೆಯಿಂದ ಬಂದಿದ್ದ ನನ್ನ ತವರಿನ ಹೆಂಗಸರು, "ನಮ್ಮೂರ ಮಗಳಾಗಿ ನಮ್ಮವರನ್ನೇ ಸೋಲಿಸಿದೆಲ್ಲ ಬೇ!" ಎಂದು ಕೂಗಿದರು. ನನಗೆ ಅದೂ ಹೊಗಳಿಕೆಯಂತೆಯೇ ಕೇಳಿಸಿತು.

ಎರಡನೇ ಸುತ್ತು ಅತ್ತೆಯಂದಿರಿಗೆ. ಮನೆಬಳಕೆಯ ಸಾಮಾನು ತೋರಿಸುತ್ತಾರೆ, ಬೆಲೆ ಹೇಳಬೇಕು. ನನ್ನ ಅತ್ತೆ ಸಂತೆಗೆ ಹೋದರೆ ಅಂಗಡಿಯವರು ಮುಖ ಆಚೆ ತಿರುಗಿಸುತ್ತಾರೆ, ಅಷ್ಟು ಚೌಕಾಶಿ. ಅರ್ಧಕ್ಕೆ ಕೇಳಿ, ಎದ್ದು ಹೊರಟಂತೆ ಮಾಡಿ, ಕರೆಸಿಕೊಂಡು ಬಂದು ಕೂರುವುದು ಅವರ ಕ್ರಮ. ಅಲ್ಲಿಯೂ ಅದೇ ಆಯಿತು. ನಿರೂಪಕಿ ಹಿಟ್ಟು ಕಲಸುವ ಪರಾತ ಎತ್ತಿ ತೋರಿಸಿದಳು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಬಡಿದು ಸದ್ದು ಕೇಳಿ, "ನಾನೂರು. ಆದ್ರ ಅಷ್ಟು ನಾ ಕೊಡಂಗಿಲ್ಲ. ಎರಡುನೂರಕ್ಕ ಕೊಡ್ತೀಯೇನು?" ಎಂದರು. ನಿರೂಪಕಿ ನಗುತ್ತಾ ಕುರ್ಚಿ ಹಿಡಿದುಕೊಂಡಳು. ನಾನೂರು ಸರಿಯುತ್ತರ. ಕೊಳಕೂರಿನಿಂದ ಬಂದಿದ್ದ ಜೇವರ್ಗಿ ತಾಲ್ಲೂಕಿನ ಜೋಡಿಯೂ ಬಲು ಗಟ್ಟಿ, ಈ ಸುತ್ತಿನಲ್ಲಿ ನಮಗಿಂತ ಒಂದು ಸಾಮಾನಿನ ಬೆಲೆ ಹೆಚ್ಚೇ ಸರಿ ಹೇಳಿದರು. ಎರಡು ಸುತ್ತು ಮುಗಿದಾಗ ಆಳಂದದವರಿಗೆ ಊಟದ ಸೆಟ್ಟು ಹೋಯಿತು. ನಾವೂ ಕೊಳಕೂರಿನವರೂ ಸರಿಸಮ ನಿಂತೆವು.

ಕೊನೆಯ ಸುತ್ತಿಗೆ ಮುಂಚೆ ಬಿಡುವು ಕೊಟ್ಟರು. ವೇದಿಕೆಯ ಹಿಂದಿನ ಕೋಣೆಯಲ್ಲಿ ಕೊಳಕೂರಿನ ಅತ್ತೆ-ಸೊಸೆ ನಮ್ಮ ಪಕ್ಕದಲ್ಲೇ ಕುಳಿತರು. ಮುಸಲ್ಮಾನರ ಮನೆಯವರು. ತಮ್ಮೊಳಗೆ ಉರ್ದುವಿನಲ್ಲಿ, ನಮ್ಮೊಡನೆ ಕನ್ನಡದಲ್ಲಿ ಮಾತು. ಸೊಸೆ ಚಿಕ್ಕವಳು, ಅತ್ತೆಯನ್ನು ಅಮ್ಮಿ ಎನ್ನುತ್ತಿದ್ದಳು. ಎರಡು ಎಮ್ಮೆಗಳಿವೆಯಂತೆ, ಬಸ್ಸು ನಿಲ್ಲುವಲ್ಲಿ ಮೊಸರು ಮಾರುತ್ತಾಳಂತೆ. ಬೇಸಿಗೆಯಲ್ಲಿ ಹೊತ್ತೇರುವುದರೊಳಗೆ ಮೊಸರೆಲ್ಲ ಹುಳಿಯಾಗಿ, ಸಂಜೆ ಎಮ್ಮೆಗೇ ಕುಡಿಸಬೇಕಂತೆ. ಹೇಳುತ್ತ ಹೇಳುತ್ತ ಅವಳು ಬಾಗಿಲ ಸಂದಿಯಿಂದ ವೇದಿಕೆಯ ಫ್ರಿಜ್ಜನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

ಅಷ್ಟರಲ್ಲಿ ಚಹಾ ಬಂತು. ಬಂದದ್ದು ಮೂರೇ ಕಪ್ಪು, ನಾವು ನಾಲ್ವರು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. "ನೀವು ತಗೋರಿ." "ನನಗ ಬ್ಯಾಡ್ರಿ, ಈಗಷ್ಟೇ ಆಗ್ಯದ." "ದೊಡ್ಡವರು ನೀವು, ತಗೋರಿ." ಬೇಡ ಎಂದವರನ್ನು ಯಾರೂ ನಂಬುವುದಿಲ್ಲ. ಮೂರು ಸಲ ಬೇಡವೆನ್ನುವುದು ನಮ್ಮಲ್ಲಿ ಮರ್ಯಾದೆಯ ಲಕ್ಷಣ. ಕಪ್ಪುಗಳು ಆಚೀಚೆ ಓಡಾಡಿ ಚಹಾ ತಣ್ಣಗಾಯಿತು.

ಆಗ ಅತ್ತೆ ಕೊಳಕೂರಿನ ಅಮ್ಮನ ಕೈ ಹಿಡಿದು, "ನೋಡು ತಂಗಿ, ನಮಗ ಮೊದಲನೇ ಬಹುಮಾನ ಬ್ಯಾಡ. ನೀವೇ ತಗೋರಿ," ಎಂದರು.

"ಅರೇ, ಹಂಗ್ಯಾಕ್ರಿ ಅಕ್ಕಾ? ನೀವು ದೊಡ್ಡವರು. ನೀವೇ ತಗೋರಿ."

"ಖರೇನೇ ಹೇಳಾಕತ್ತೇನಿ, ನಮಗ ಬ್ಯಾಡ."

"ಆಯ್ತ್ರಿ ಅಕ್ಕಾ, ಆಯ್ತು," ಎಂದು ಆಕೆ ನಕ್ಕರು. ಅತ್ತೆ ನನ್ನತ್ತ ತಿರುಗಿ ಕಣ್ಣು ಹೊಡೆದರು. ಕೆಲಸ ಆಯಿತು ಎಂದುಕೊಂಡೆವು. ಸೋಲಬೇಕಲ್ಲ ಎಂಬ ಸಂಕಟವೂ ನನಗೆ ಆ ಹೊತ್ತಿಗೆ ಹಗುರಾಗಿತ್ತು.

ಕೊನೆಯ ಸುತ್ತು. ಇಬ್ಬರು ಅತ್ತೆಯರೂ ಫ್ರಿಜ್ಜಿನ ಅಕ್ಕಪಕ್ಕ ನಿಂತರು, ಸೊಸೆಯರು ಅವರವರ ಬೆನ್ನ ಹಿಂದೆ. ನಿರೂಪಕಿ ನಿಯಮ ಹೇಳಿದಳು. "ಇದರ ಬೆಲೆ ಎಷ್ಟು ಅಂತ ಹೇಳಬೇಕು. ನಿಜವಾದ ಬೆಲೆಗೆ ಯಾರು ಹತ್ತಿರ ಇರ್ತಾರೋ ಅವರು ಗೆದ್ದ ಹಾಗೆ. ಒಬ್ಬರ ಮಾತು ಕೇಳಿ ಇನ್ನೊಬ್ಬರು ಬದಲಾಯಿಸಬಹುದು. ಗಂಟೆ ಹೊಡೆದ ಮೇಲೆ ಬದಲಾಯಿಸೋ ಹಾಗಿಲ್ಲ!"

ಎರಡು ಬಾಗಿಲಿನ ಫ್ರಿಜ್ಜು. ನಲವತ್ತರ ಹತ್ತಿರ ಇರುತ್ತದೆಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಅತ್ತೆ ಗಂಟಲು ಸರಿಮಾಡಿಕೊಂಡರು.

"ಹತ್ತು ಸಾವಿರ."

ಮಂಟಪವೆಲ್ಲ ಗೊಳ್ಳೆಂದಿತು. ಇನ್ನು ಕೊಳಕೂರಿನ ಅಮ್ಮ ಮೂವತ್ತೆಂದರೂ ಸಾಕು, ನಾವು ಪಾರು. ಆಕೆ ಅತ್ತೆಯತ್ತ ಬಹಳ ವಿನಯದಿಂದ ನೋಡಿ, "ಎಂಟು ಸಾವಿರ್ರಿ" ಎಂದರು.

ಎಂಟಕ್ಕಿಂತ ಹತ್ತೇ ಬೆಲೆಗೆ ಹತ್ತಿರ. ನಾವು ಗೆಲ್ಲುತ್ತಿದ್ದೇವೆ! ಅತ್ತೆಗೂ ತಿಳಿಯಿತು. "ಆರು!" ಎಂದರು. "ಐದ್ರಿ," ಎಂದರು ಆಕೆ. "ನಾಕು!" "ಮೂರೂವರಿ." ಜನ ಎದ್ದು ನಿಂತಿದ್ದರು. ಶಿಳ್ಳೆ, ಕೂಗು, ನಗು. ಚಪ್ಪಾಳೆ ಹೇಳಿಕೊಡುವವನು ತನ್ನ ಕೆಲಸ ಬಿಟ್ಟು ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದ. ಅಮ್ಮಿಯ ಸೊಸೆ ಹಿಂದಿನಿಂದ ಸೆರಗು ಜಗ್ಗುತ್ತಾ, "ನಕ್ಕೋ ಅಮ್ಮಿ, ನಕ್ಕೋ!" ಎನ್ನುತ್ತಿದ್ದಳು. ಅಂದರೆ ಬೇಡ, ಬೇಡ. ಅಮ್ಮಿ ಕೇಳಿಸಿಕೊಳ್ಳಲಿಲ್ಲ. "ಮೂರು!" ಎಂದು ಅತ್ತೆ ಕೂಗಿದರು. "ಎರಡು!" ಎಂದರು ಅಮ್ಮಿ.

ನನಗೆ ಥಟ್ಟನೆ ಹೊಳೆಯಿತು. ಕೆಳಗಿಳಿಯುವುದೇಕೆ, ಮೇಲೆ ಹಾರಿದರೂ ಸೋಲಬಹುದಲ್ಲ! ಅತ್ತೆಯ ಕಿವಿಯಲ್ಲಿ, "ಒಂದು ಲಕ್ಷ ಅನ್ರಿ! ಅತ್ತಿ, ಒಂದು ಲಕ್ಷ!" ಎಂದೆ. ಅತ್ತೆ ಬಾಯಿ ತೆರೆದರು. "ಒಂದು..." ಎಂದರು. ಮತ್ತೆ "ಒಂದು..." ಎಂದರು. ಆಯುಷ್ಯದಲ್ಲಿ ಯಾವ ಸಾಮಾನಿಗೂ ಅದರ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಹೇಳಿದ ನಾಲಿಗೆಯಲ್ಲ ಅದು. ಲಕ್ಷ ಎಂಬ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು.

ಟಣ್ ಎಂದು ಗಂಟೆ ಹೊಡೆಯಿತು.

ಪೂರ್ತಿಯಾಗದ ಆ 'ಒಂದು' ಲೆಕ್ಕಕ್ಕೆ ಬರಲಿಲ್ಲ. ನಮ್ಮದು ಮೂರು ಸಾವಿರ, ಅವರದು ಎರಡು. "ನಿಜವಾದ ಬೆಲೆ ನಲವತ್ತೆರಡು ಸಾವಿರ! ಗೆದ್ದವರು ಅಫಜಲಪುರದ ಅತ್ತೆ-ಸೊಸೆ!" ಮೇಲಿನಿಂದ ಬಣ್ಣದ ಕಾಗದದ ಚೂರುಗಳು ಸುರಿದವು. ಹುಟ್ಟಿದಾಗಿನಿಂದ ಮೊದಲನೇ ನಂಬರಿಗೆ ಬಾಯಿಬಾಯಿ ಬಿಟ್ಟವಳಿಗೆ ಅದು ಸಿಕ್ಕಿದ ದಿನವೇ ಅಳು ಉಕ್ಕಿ ಬಂತು. ಕ್ಯಾಮೆರಾದವನು ಅದು ಆನಂದಬಾಷ್ಪವೆಂದುಕೊಂಡು ನನ್ನ ಮುಖದ ಹತ್ತಿರವೇ ಬಂದ. ಗಿರಣಿಯ ಪಕ್ಕ ನಿಂತಿದ್ದ ಕೊಳಕೂರಿನ ಹುಡುಗಿಯೂ ಅಳುತ್ತಿದ್ದಳು. ಅವಳ ಅಮ್ಮಿ ಮಾತ್ರ ನಗುನಗುತ್ತ ಬಂದು ಅತ್ತೆಯನ್ನು ತಬ್ಬಿಕೊಂಡು, "ಮುಬಾರಕ್ ಅಕ್ಕಾ" ಎಂದರು. ಅತ್ತೆ ಕಂಬದ ಹಾಗೆ ನಿಂತಿದ್ದರು.

ಒಳಕೋಣೆಗೆ ಬಂದದ್ದೇ ನನ್ನ ಸಿಟ್ಟು ನೆತ್ತಿಗೇರಿತು. ದೊಡ್ಡವರೆಂಬುದನ್ನೂ ಮರೆತು ಕೇಳಿಯೇಬಿಟ್ಟೆ. "ಏನ್ರಿ ಇದು? ಅಷ್ಟ್ಯಾಕ ಕಡಿಮಿ ಹೇಳಿದ್ರಿ? ನಿಮಗ ಬೆಲೆ ಗೊತ್ತಿರಲಿಲ್ಲೇನು?"

"ಗೊತ್ತಿತ್ತಲ್ಲಮ್ಮ," ಎಂದು ಆಕೆ ಗಾಬರಿಯಾದರು. "ಅಕ್ಕಾರು ಮೊದಲನೇದು ಬ್ಯಾಡ, ನೀವೇ ತಗೋರಿ ಅಂದ್ರು. ದೊಡ್ಡವರು ಹಂಗ ಬಿಟ್ಟುಕೊಡಾಕತ್ತಾಗ ನಾನು ಹೌದಂತ ಕೈ ಚಾಚಬೇಕೇನು? ಅದಕ್ಕ ನಾನೂ ಬಿಟ್ಟುಕೊಡಬೇಕಂತ ಮಾಡಿದೆ. ಅಕ್ಕಾ ಬಿಡವಲ್ರು, ನಾನೂ ಬಿಡಲಿಲ್ಲ."

ಅತ್ತೆ ಹಣೆ ಹಣೆ ಬಡಿದುಕೊಂಡರು. "ಅಯ್ಯ ನಮ್ಮವ್ವ! ನಾ ಮರ್ಯಾದಿಗೆ ಅಂದಿದ್ದಿಲ್ಲ! ಖರೇನೇ ಬ್ಯಾಡಾಗಿತ್ತು. ನನಗ ಆ ಗಿರಣಿ ಬೇಕಾಗಿತ್ತು!"

ಕೊಳಕೂರಿನ ಹುಡುಗಿ ಅಳುವಿನ ನಡುವೆಯೇ ಪಕ್ಕನೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಸರಿ, ಬದಲಾಯಿಸಿಕೊಂಡರಾಯಿತು, ಇನ್ನೇನು! ಸಾಮಾನು ಸಾಗಿಸುವವರನ್ನು ಕೇಳಿದೆ. ಒಂದೇ ಗಾಡಿ, ಎಲ್ಲಿ ಹೇಳಿದರೆ ಅಲ್ಲಿ ಇಳಿಸುತ್ತೇವೆ ಎಂದರು. ನಾನು ಕುಣಿಯುವುದೊಂದು ಬಾಕಿ.

ಆದರೆ ಅಮ್ಮಿ ಒಪ್ಪಲಿಲ್ಲ. ಮುಖದ ನಗು ಹೋಗಿಬಿಟ್ಟಿತ್ತು. "ಇಲ್ರಿ ಅಕ್ಕಾ. ಹದಿನೆಂಟು ಸಾವಿರದ್ದು ಕೊಟ್ಟು ನಲವತ್ತೆರಡು ಸಾವಿರದ್ದು ಹೊಡಕೊಂಡು ಬಂದ್ರು ಅಂತ ಮಂದಿ ಆಡಿಕೊಳ್ತಾರ. ನನ್ನ ಮನಸ್ಸೂ ಒಪ್ಪಂಗಿಲ್ಲ. ನೀವು ಗೆದ್ದೀರಿ, ನಿಮ್ಮದೇ ಅದು." ಎಷ್ಟು ಹೇಳಿದರೂ ಅದೇ ಮಾತು. ಸೊಸೆ ತಲೆ ತಗ್ಗಿಸಿ ಬಳೆ ತಿರುಗಿಸುತ್ತ ಕೂತಳು. ಅದನ್ನು ನೋಡುವುದು ನನಗೆ ತುಂಬ ಕಷ್ಟವಾಯಿತು.

ಅತ್ತೆ ಸಂತೆಯಲ್ಲಿ ಅಂಗಡಿಯ ಮುಂದೆ ಕೂರುವ ಹಾಗೆ, ಕಾಲು ಮಡಚಿ ಸೆರಗು ಸುತ್ತಿಕೊಂಡು ಅಮ್ಮಿಯ ಎದುರು ಕುಳಿತರು. ಆ ಕೂರುವಿಕೆ ನನಗೆ ಚೆನ್ನಾಗಿ ಗೊತ್ತು. ಇನ್ನು ಅಂಗಡಿಯವನ ಕಥೆ ಮುಗಿಯಿತು ಎಂದೇ ಅರ್ಥ.

"ತಂಗಿ, ಮಂದಿ ಮುಂದ, ಕ್ಯಾಮೆರಾ ಮುಂದ, ಆ ಫ್ರಿಜ್ಜಿಗೆ ಎಷ್ಟಂದಿ ನೀನು?"

"ಅದು... ಎರಡು ಸಾವಿರ."

"ನಾನು?"

"ಮೂರು."

"ನಮ್ಮಿಬ್ಬರೊಳಗ ಮೂರರ ಮ್ಯಾಲ ಯಾರೂ ಏರಿಲ್ಲ. ಬೆಲೆ ಕೂಗಿದ ಆ ಟಿವಿ ಹುಡುಗಿ ಏನರ ಅನ್ನಲಿ, ಅಕೀ ಏನ್ ಕೊಳ್ಳಾಕಿ ಅಲ್ಲ, ಮಾರಾಕಿ ಅಲ್ಲ. ನಿನ್ನ ಗಿರಣಿ ಹದಿನೆಂಟು, ನನ್ನ ಫ್ರಿಜ್ ಡಬ್ಬಿ ಮೂರು. ಬದಲಿ ಮಾಡಿದ್ರ ನಾನೇ ನಿನಗ ಹದಿನೈದು ಸಾವಿರ ಕೊಡಬೇಕಾಗ್ತದ. ನನ್ನ ಬಲ್ಲಿ ಅಷ್ಟು ರೊಕ್ಕ ಇಲ್ಲ. ದೊಡ್ಡಾಕಿ ಅಂತ ಬಿಡ್ತೀಯೋ, ಇಲ್ಲೋ?"

ಅಮ್ಮಿ ಅತ್ತೆಯ ಮುಖ ನೋಡಿದರು. ತುಟಿ ಅದುರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. "ಬಿಟ್ಟೆ ಅಕ್ಕಾ, ಹೋಗ್ರಿ! ಹದಿನೈದೂ ಬಿಟ್ಟೆ!" ಎಂದರು. ಅವರ ಸೊಸೆ ಎದ್ದು ಬಂದು ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಇಬ್ಬರೂ ಬೀಳುತ್ತಿದ್ದೆವು.

ಕಾರ್ಯಕ್ರಮ ಟಿವಿಯಲ್ಲಿ ಬಂದದ್ದು ಮಳೆಗಾಲ ಹಿಡಿದ ಮೇಲೆ. ನಮ್ಮ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು, ಕಾಲಿಡಲು ಜಾಗವಿರಲಿಲ್ಲ. ಒಳಗೆ ಗಿರಣಿ ಗರಗರ ಓಡುತ್ತಿತ್ತು. ಮರುದಿನ ಒಂದು ಮದುವೆಯ ರೊಟ್ಟಿ ಇತ್ತು, ಅತ್ತೆ ಅದನ್ನು ನಿಲ್ಲಿಸಲು ತಯಾರಿರಲಿಲ್ಲ. ಅಷ್ಟರಲ್ಲಿ ಕೊಳಕೂರಿನಿಂದ ಅಮ್ಮಿಯ ಸೊಸೆ ಮೊಬೈಲಿನಲ್ಲಿ ವಿಡಿಯೋ ಕರೆ ಮಾಡಿದಳು. ಅವರೂ ಅದನ್ನೇ ನೋಡುತ್ತಿದ್ದರು. ಅವಳು ಫ್ರಿಜ್ಜಿನ ಬಾಗಿಲು ತೆರೆದು, ಸಾಲಾಗಿ ಇಟ್ಟ ಮೊಸರಿನ ಗಡಿಗೆಗಳನ್ನು ಒಂದೊಂದಾಗಿ ತೋರಿಸಿದಳು. ಬೆನ್ನ ಹಿಂದೆ ಅವಳ ಅಮ್ಮಿ ಪರದೆಯೊಳಗೆ ಇಣುಕಲು ನೋಡುತ್ತಿದ್ದರು.

ಟಿವಿಯಲ್ಲಿ ಗಂಟೆ ಹೊಡೆಯಿತು. ಅಳುತ್ತಿರುವ ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಓಣಿಯವರು ಕೇಕೆ ಹಾಕಿದರು. "ನಿಜವಾದ ಬೆಲೆ ನಲವತ್ತೆರಡು ಸಾವಿರ!" ಎಂದು ನಿರೂಪಕಿ ಕೂಗಿದಳು. ಪಕ್ಕದ ಮನೆಯಾಕೆ ಸುತ್ತಲೂ ನೋಡಿ, "ಅಲ್ಲ, ಅಷ್ಟು ಬೆಲೆದ್ದು ಎಲ್ಲಿ ಇಟ್ಟೀರಿ?" ಎಂದು ಕೇಳಿದರು.

ಒಳಗಿನಿಂದ ಅತ್ತೆ ಹೊರಬಂದರು. ಕೈ, ಮೂಗು, ಹುಬ್ಬೆಲ್ಲ ಜೋಳದ ಹಿಟ್ಟು. "ಸುಳ್ಳ ಹೇಳಾಕತ್ತಾಳ ಅಕೀ," ಎಂದು ಟಿವಿಯತ್ತ ಕೈ ಬೀಸಿದರು. "ಮೂರು ಸಾವಿರದ ಮ್ಯಾಲ ಒಂದು ರೂಪಾಯಿ ಬಾಳಂಗಿಲ್ಲ ಅದು!"

ನನ್ನ ಕೈಯಲ್ಲಿದ್ದ ಮೊಬೈಲಿನಿಂದ, ಗಿರಣಿಯ ಸದ್ದನ್ನೂ ಮೀರಿ, ಕೊಳಕೂರಿನ ಅಮ್ಮಿ ಕೂಗಿದರು.

"ಎರಡು, ಅಕ್ಕಾ! ಎರಡೇ!"